ಹತ್ತೊಂಬತ್ತನೆಯ ಹಾಳೆ

ಡಿಸೆಂಬರ್ 4, ಗುರುವಾರ

ನಸುಕಿನ ಎರಡು ನಲವತ್ತು. ಗೂಡ್ಸ್ ಗಾಡಿಯ ಕೂಗಿಗೆ ಎಚ್ಚರವಾಯಿತು. ಸ್ಟೇಷನ್ ರಸ್ತೆಯ ಹಿಂದಿನ ಈ ಮನೆಗೆ ಸೊಸೆಯಾಗಿ ಬಂದು ಮೂರು ವರ್ಷ. ಆ ಗಾಡಿ ದಿನವೂ ಬರುತ್ತದೆ, ದಿನವೂ ಕೂಗುತ್ತದೆ. ಇವತ್ತು ಮಾತ್ರ ಎದ್ದು ಕುಳಿತೆ, ಏಕೆಂದರೆ ಪಕ್ಕದಲ್ಲಿ ಮಲಗಿದ್ದ ಶಾಂಭವಿ ಕದಲಲೇ ಇಲ್ಲ. ಒಂಬತ್ತು ತಿಂಗಳ ಕೂಸು, ಅಷ್ಟು ದೊಡ್ಡ ಸಪ್ಪಳಕ್ಕೆ ರೆಪ್ಪೆಯೂ ಅಲುಗಲಿಲ್ಲ. ಕಿವಿಯ ಹತ್ತಿರ ಚಿಟಿಕೆ ಹೊಡೆದೆ. ಇಲ್ಲ. ಇನ್ನೊಮ್ಮೆ ಹೊಡೆದೆ. ಬಾಯಿ ಚಪ್ಪರಿಸಿ ಆಚೆ ಹೊರಳಿದಳು. ಅದು ಚಿಟಿಕೆಗೋ, ಕನಸಿಗೋ ತಿಳಿಯಲಿಲ್ಲ.

ಇನ್ನು ನಿದ್ದೆ ಬರುವುದಿಲ್ಲ. ಬರೆಯುತ್ತ ಕುಳಿತರೆ ಬಂದೀತು. ಇದು ನನ್ನ ಬಿ.ಇಡಿ. ದಿನಗಳ ಪಾಠ ಯೋಜನೆಯ ನೋಟ್‌ಬುಕ್, ಅರ್ಧ ಖಾಲಿ ಉಳಿದಿದೆ.

ನಿನ್ನೆ ಮಮದಾಪುರದ ಶಾಲೆಯಲ್ಲಿ ಮಕ್ಕಳ ಕಲಿಕೆಯ ಸಮೀಕ್ಷೆ ಮುಗಿಯಿತು. ನಾನು ತಿಕೋಟಾ ತಾಲೂಕಿನ ಘೋಣಸಗಿಯಲ್ಲಿ ಅತಿಥಿ ಶಿಕ್ಷಕಿ. ಕೆಲಸ ಮಾಡುವ ಶಾಲೆಗೇ ಹಾಕಬಾರದೆಂದು ನನ್ನನ್ನು ಬಬಲೇಶ್ವರ ತಾಲೂಕಿಗೆ ಹಾಕಿದ್ದರು. ದಿಲ್ಲಿಯಿಂದ ಬಂದ ಪರೀಕ್ಷೆ. ಹಿಂದೆ ಬಿದ್ದ ಶಾಲೆಯ ಹೆಸರು ಒಂದು ಪಟ್ಟಿಗೆ ಹೋಗುತ್ತದಂತೆ, ಆಮೇಲೆ ವಿಚಾರಣೆ, ಅನುದಾನಕ್ಕೆ ಕತ್ತರಿ. ಬೆಂಗಳೂರಿನವರು ಪರೀಕ್ಷೆ ನಡೆಸಲು ಒಪ್ಪಿದ್ದಾರೆ, ಪಟ್ಟಿಗೆ ಒಪ್ಪಿಲ್ಲ. ಮೂರನೇ ಇಯತ್ತೆಯ ಮಕ್ಕಳು ಇನ್ನೂ ಸರಿಯಾಗಿ ಓದಲಾರರೆಂದು, ಒಬ್ಬೊಬ್ಬರನ್ನೇ ಎದುರು ಕೂರಿಸಿಕೊಂಡು ಪ್ರಶ್ನೆಯನ್ನು ನಾವೇ ಓದಿ ಹೇಳಬೇಕು. ಮಗು ಬಾಯಲ್ಲಿ ಹೇಳಿದ ಉತ್ತರದ ವೃತ್ತವನ್ನು ಕಪ್ಪು ಪೆನ್ನಿನಿಂದ ನಾವೇ ತುಂಬಬೇಕು. ಆ ಶಾಲೆಯವರು ಯಾರೂ ಕೋಣೆಯಲ್ಲಿ ಇರುವಂತಿಲ್ಲ. ಇಪ್ಪತ್ತೆರಡು ಮಕ್ಕಳು, ಇಪ್ಪತ್ತೆರಡು ಹಾಳೆ.

ಎಲ್ಲ ಸರಿಯಾಗಿಯೇ ಆಯಿತು. ಒಂದು ಹಾಳೆಯಲ್ಲಿ ಮಾತ್ರ ನಾನೇ ಸ್ವಲ್ಪ ಕೈ ಆಡಿಸಿದೆ. ಎಲ್ಲರೂ ಆಡಿಸಿರುತ್ತಾರೆ. ಮೂರೂಕಾಲರ ಬಸ್ಸು ಸಿಕ್ಕಿತು, ಅದೇ ಮುಖ್ಯ.

ಡಿಸೆಂಬರ್ 6, ಶನಿವಾರ

ಬೆಳಿಗ್ಗೆ ಕೂಸಿನ ಹಿಂದೆ ನಿಂತು ಸ್ಟೀಲ್ ತಾಟು ಬಡಿದೆ. ತಿರುಗಿದಳು. ಮಧ್ಯಾಹ್ನ ಹೆಸರು ಕರೆದೆ, ತಿರುಗಲಿಲ್ಲ. ಕೈಯಲ್ಲಿ ಬಟ್ಟೆಗೆ ಹಾಕುವ ಚಿಮಟಿಗೆ ಇತ್ತು, ಅದನ್ನೇ ನೋಡುತ್ತಿದ್ದಳು. ಅತ್ತೆ ಅಡುಗೆಮನೆಯಿಂದ ಎಲ್ಲವನ್ನೂ ನೋಡುತ್ತಿದ್ದರು. "ನಿನ್ನ ಗಂಡ ಸಣ್ಣಾವಿದ್ದಾಗ ಕಿವ್ಯಾಗ ಹಲಗಿ ಬಡಿದರೂ ಏಳತಿದ್ದಿಲ್ಲ. ಕೂಸಿನ ಕಿವಿ ಅಲ್ಲ ಬೇ, ನಿನ್ನ ತಲಿ ತೋರಿಸಬೇಕು ಡಾಕ್ಟರಿಗೆ" ಅಂದರು. ಗಂಡ ಅರುಣಕುಮಾರರು ನಕ್ಕರು. ನಾನೂ ನಕ್ಕೆ.

ಮಮದಾಪುರದ ಹೆಡ್ ಜಾನಕೀಬಾಯಿ ಅಕ್ಕೋರು ಅಂದು ಹೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ. ಕೋಣೆಯ ಬಾಗಿಲಿನಲ್ಲಿ ನಿಂತು, ನನಗೆ ಚಹಾದ ಲೋಟ ಕೊಡುತ್ತ, ಮೆಲ್ಲಗೆ ಹೇಳಿದ್ದರು. "ನೋಡವಾ ನಂದಾ, ಐದು ಮಂದಿ ಇರಬೇಕಾದ ಸಾಲ್ಯಾಗ ಮೂರು ಖುರ್ಚಿ ಖಾಲಿ ಅದಾವು. ಕಲಸಾಕ ಮಂದಿ ಕೊಡಂಗಿಲ್ಲ, ಹುಡುಗರು ಕಲಿತಾವೋ ಇಲ್ಲೋ ಅಂತ ಅಷ್ಟ ಕೇಳತಾರ. ಸ್ವಲ್ಪ ನೋಡಿ ಮಾಡು." ಅಷ್ಟೇ. ಸುಳ್ಳು ಬರೆ ಎಂದು ಅವರು ಹೇಳಲಿಲ್ಲ. ಎರಡು ವರ್ಷಕ್ಕೆ ನಿವೃತ್ತಿ ಅವರಿಗೆ. ಪಟ್ಟಿಯಲ್ಲಿ ಶಾಲೆಯ ಹೆಸರು ಬಂದರೆ ಅವರ ಮೂವತ್ತು ವರ್ಷಕ್ಕೆ ಏನರ್ಥ?

ಹಾಗಾಗಿ ನಾನು ಮಾಡಿದ್ದು ಶಾಲೆಯ ಸಲುವಾಗಿ. ಹಾಗೆಯೇ.

ಡಿಸೆಂಬರ್ 9, ಮಂಗಳವಾರ

ಗಾಡಿ ಕೂಗಿತು. ಕೂಸು ಏಳಲಿಲ್ಲ. ನಾನು ಎದ್ದಿದ್ದೆ.

ಡಿಸೆಂಬರ್ 14, ಭಾನುವಾರ

ಅರುಣಕುಮಾರರು ಅಂಗಡಿಯಿಂದ ಪೇಪರ್ ತಂದು ನನ್ನ ಮುಂದೆ ಹಾಸಿದರು. ಸ್ಟೇಷನ್ ರಸ್ತೆಯಲ್ಲಿ ಅವರದು ಝೆರಾಕ್ಸ್, ಸ್ಟೇಷನರಿ ಅಂಗಡಿ; ಶಾಲೆಯ ಸುದ್ದಿಯೆಲ್ಲ ಅಲ್ಲಿಗೆ ಮೊದಲು ಬರುತ್ತದೆ. ರಾಜ್ಯ ಸರ್ಕಾರ ದಿಲ್ಲಿಗೆ ಪತ್ರ ಬರೆದಿದೆಯಂತೆ. ಶಿಕ್ಷಕರ ಜಾಗ ತುಂಬಲು ದುಡ್ಡು ಕೊಡದವರು ಶಾಲೆಗೆ ಅಂಕ ಹಾಕುವುದು ನ್ಯಾಯವಲ್ಲ, ಹಾಳೆಗಳನ್ನು ನಾವು ಕಳಿಸುವುದಿಲ್ಲ ಎಂದು. ಎಲ್ಲ ತಾಲೂಕಿನ ಹಾಳೆಗಳೂ ಟ್ರಂಕಿನಲ್ಲಿ ಬೀಗದೊಳಗೆ ಇರುತ್ತವೆ.

ಎರಡು ಸಲ ಓದಿದೆ. ಎದೆಯ ಮೇಲಿನ ಕಲ್ಲು ಯಾರೋ ಇಳಿಸಿದಂತಾಯಿತು. ಬೀಗದೊಳಗಿರುವ ಹಾಳೆಯಲ್ಲಿ ಯಾವ ವೃತ್ತ ಕಪ್ಪಾಗಿದ್ದರೇನು? ಯಾರಿಗೆ ನಷ್ಟ? ಗಂಡನಿಗೆ ರಾಜ್ಯದ ವಾದ ಹೇಗೆ ಸರಿ ಎಂದು ಅರ್ಧ ತಾಸು ವಿವರಿಸಿದೆ. ಪಾಠ ಮಾಡುವ ದನಿಯಲ್ಲೇ ಹೇಳಿರಬೇಕು. ಅವರು ರೊಟ್ಟಿ ಮುರಿಯುತ್ತ, "ಅಲ್ಲಿ ದಿಲ್ಲಿ ಸರ್ಕಾರ, ಇಲ್ಲಿ ಬೆಂಗಳೂರು ಸರ್ಕಾರ. ಈ ಮನ್ಯಾಗ ಯಾವ ಸರ್ಕಾರ ಐತಿ ಅಂತ ನಮ್ಮವ್ವನ್ನ ಕೇಳು" ಅಂದರು. ಅತ್ತೆ ತಿರುಗಿಯೂ ನೋಡದೆ, "ಮದಲ ಕೂಸಿನ ದುಪ್ಪಡಿ ಒಣ ಹಾಕ್ರಿ ಇಬ್ಬರೂ" ಅಂದರು.

ರಾತ್ರಿ ನಾಲ್ಕು ತಾಸು ನಿದ್ದೆ ಮಾಡಿದೆ. ಎಷ್ಟೋ ದಿನಗಳ ಮೇಲೆ.

ಡಿಸೆಂಬರ್ 22, ಸೋಮವಾರ

ನನ್ನ ಕಾಟಕ್ಕೆ ಸೋತು ಕಿವಿಯ ಡಾಕ್ಟರ ಹತ್ತಿರ ಕರೆದೊಯ್ದರು. ಕೂಸಿನ ತಲೆಗೆ ಸಣ್ಣ ಪಟ್ಟಿ ಕಟ್ಟಿ, ಕಿವಿಯಲ್ಲಿ ಹತ್ತಿಯಂಥ ತುದಿ ಇಟ್ಟು, ಯಂತ್ರದಲ್ಲಿ ಗೆರೆಗಳನ್ನು ನೋಡಿದರು. ಎರಡೂ ಕಿವಿ ಚೆನ್ನಾಗಿವೆ. ಸ್ಟೇಷನ್ ಹತ್ತಿರದ ಮನೆಯ ಕೂಸು ಹೊಟ್ಟೆಯಲ್ಲಿದ್ದಾಗಿನಿಂದ ಗಾಡಿ ಕೇಳಿರುತ್ತದೆ, ಅದಕ್ಕೆ ಅದು ಜೋಗುಳ ಇದ್ದ ಹಾಗೆ ಎಂದರು ಡಾಕ್ಟರು.

ಹೊರಗಿನ ಬೆಂಚಿನಲ್ಲಿ ಕುಳಿತು ನಾನು ಅತ್ತುಬಿಟ್ಟೆ. ಸಂತೋಷಕ್ಕೆ ಅಳುತ್ತಾಳೆ ಎಂದುಕೊಂಡು ಗಂಡ ಬೆನ್ನು ಸವರಿದರು. ಸಂತೋಷ ಆಗಲಿಲ್ಲ ಎಂದು ಹೇಗೆ ಹೇಳಲಿ. ಹೆಚ್ಚೆಂದರೆ ಹತ್ತು ನಿಮಿಷದ ಕೆಲಸ. ಪಟ್ಟಿ ಕಟ್ಟುವುದು, ಗೆರೆ ನೋಡುವುದು, ಅಷ್ಟರಲ್ಲಿ ತಿಳಿದುಬಿಡುತ್ತದೆ. ನನ್ನ ಮಗಳಿಗೆ ಏನೂ ಇಲ್ಲದಿದ್ದರೂ ಆಟೊ ಮಾಡಿಕೊಂಡು ಬಂದೆವು.

ಡಿಸೆಂಬರ್ 24, ಬುಧವಾರ

ಡಾಕ್ಟರು ಹೇಳಿದ ಮೇಲೂ ಇವತ್ತು ಮೂರು ಸಲ ತಾಟು ಬಡಿದೆ. ಅತ್ತೆ ಬಂದು ಕೈಯಿಂದ ಕಸಿದುಕೊಂಡರು. ಏನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಡಿಸೆಂಬರ್ 30, ಮಂಗಳವಾರ

ಜಾನಕೀಬಾಯಿ ಅಕ್ಕೋರು ಫೋನ್ ಮಾಡಿದ್ದರು. ಬರುವ ವರ್ಷ ಮಮದಾಪುರಕ್ಕೆ ಒಬ್ಬ ಅತಿಥಿ ಶಿಕ್ಷಕಿ ಬೇಕು, ನಿನ್ನ ಹೆಸರು ಹೇಳಲೇ ಎಂದು. ನನ್ನಂಥವಳಿಗೆ ಎಷ್ಟು ದೊಡ್ಡ ಮಾತು ಅದು. ಹೂಂ ಅನ್ನುವಷ್ಟರಲ್ಲಿ ಇನ್ನೊಂದು ಮಾತು ತೆಗೆದರು.

"ಆ ತಸ್ಲೀಮ ಇದ್ದಳಲ್ಲ, ನೀ ಹೇಳಿದಿ, ಛಲೋ ಮಾಡ್ಯಾಳ ಅಂತ. ಆಕಿ ಇಷ್ಟ ಸೊಕ್ಕಿನಾಕಿ ಅಂತ ನಂಗ ಗೊತ್ತಿದ್ದಿಲ್ಲ ನೋಡು. ಎಲ್ಲಾ ಬರತೈತಿ, ಕೇಳಿದರ ಬಾಯಿ ಬಿಡಂಗಿಲ್ಲ. ಕರದರ ತಿರಗಂಗಿಲ್ಲ. ದಡ್ಡಿ ಅಂತ ನಾನೂ ಇಷ್ಟ ದಿನಾ ಬಿಟ್ಟಿದ್ದೆ. ಈಗ ದಿನಾ ಬಾಗಲ ಹೊರಗ ನಿಂದರಸತೇನಿ."

ಕೂಸು ಅಳುತ್ತಿದೆ ಎಂದು ಹೇಳಿ ಫೋನ್ ಇಟ್ಟೆ.

ಸಮೀಕ್ಷೆಯ ದಿನ ಲಕೋಟೆಗೆ ಅರಗು ಹಾಕುವಾಗ ಅವರು ಕೇಳಿದ್ದರು, ತಸ್ಲೀಮ ಹೇಗೆ ಮಾಡಿದಳು ಎಂದು. ಉಳಿದ ಇಪ್ಪತ್ತೊಂದು ಮಕ್ಕಳ ಬಗ್ಗೆ ಕೇಳಲಿಲ್ಲ, ಅವಳೊಬ್ಬಳ ಬಗ್ಗೆ ಕೇಳಿದರು. ನಾನು "ಛಲೋ ಮಾಡ್ಯಾಳ್ರಿ ಅಕ್ಕೋರ, ಎಲ್ಲಾ ಹೇಳಿದಳು" ಅಂದೆ. ಅವರ ಮುಖ ಅರಳಿದ್ದು ಕಣ್ಣೆದುರಿಗಿದೆ. ಗೇಟಿನ ಹೊರಗೆ ಅವಳ ತಾಯಿ ಮಾಬುಬಿ ಏಳೆಂಟು ಆಡುಗಳೊಂದಿಗೆ ನಿಂತಿದ್ದಳು. ಅಕ್ಕೋರು ಅಲ್ಲಿಂದಲೇ ಕೂಗಿ ಹೇಳಿದರು, ನಿನ್ನ ಮಗಳು ಶಾಣ್ಯಾ ಅದಾಳ ಎಂದು. ಮಾಬುಬಿ ನನ್ನ ಕಡೆ ನೋಡಿ ಕೈ ಮುಗಿದಳು. ನಾನೂ ಮುಗಿದು ಬಸ್ಸಿಗೆ ಓಡಿದೆ.

ಈಗ ಮಾಬುಬಿಯೂ ಮಗಳಿಗೆ ಹೊಡೆಯುತ್ತಾಳಂತೆ. ಬುದ್ಧಿ ಮಂದ ಎಂದು ತಿಳಿದಾಗ ಹೊಡೆಯುತ್ತಿರಲಿಲ್ಲ. ಈಗ ಬುದ್ಧಿ ಇದೆ ಎಂದು ಹೊಡೆಯುತ್ತಾಳೆ. ಸಂಕ್ರಾಂತಿ ಆದ ಮೇಲೆ ಶಾಲೆ ಬಿಡಿಸಿ ಆಡಿನ ಹಿಂದೆ ಕಳಿಸುತ್ತಾಳಂತೆ.

ಜನವರಿ 1, ಗುರುವಾರ

ಯಾರಿಗೂ ಹೇಳದ್ದನ್ನು ಇಲ್ಲಿಯೂ ಇಷ್ಟು ದಿನ ಬರೆದಿರಲಿಲ್ಲ. ಬರೆದುಬಿಡುತ್ತೇನೆ.

ಹತ್ತೊಂಬತ್ತನೆಯ ಹಾಳೆ. ತಸ್ಲೀಮ, ಮೂರನೇ ಇಯತ್ತೆ. ನಾನು ಪ್ರಶ್ನೆ ಓದಿದೆ. ಅವಳು ನನ್ನ ತುಟಿಗಳನ್ನೇ ನೋಡುತ್ತಿದ್ದಳು. ನಾನು ಹಾಳೆಯ ಕಡೆ ಬಗ್ಗಿ ಓದಿದಾಗಲೆಲ್ಲ ಅವಳೂ ಬಗ್ಗಿ ನನ್ನ ಮುಖ ಹುಡುಕುತ್ತಿದ್ದಳು. ಎಲ್ಲದಕ್ಕೂ "ಹೂಂರಿ" ಅಂದಳು. ಎರಡಕ್ಕೆ ಮೂರು ಕೂಡಿದರೆ ಎಷ್ಟು? ಹೂಂರಿ. ಇವುಗಳಲ್ಲಿ ನೀರಿನಲ್ಲಿ ಇರುವುದು ಯಾವುದು? ಹೂಂರಿ. ನನಗೆ ಅನುಮಾನ ಬಂತು. ನೀರು ಕುಡಿಯುವ ನೆಪದಲ್ಲಿ ಎದ್ದು, ಅವಳ ಬೆನ್ನ ಹಿಂದೆ ಹೋಗಿ ನಿಂತು ಹೆಸರು ಕರೆದೆ. ಇನ್ನೊಮ್ಮೆ ಕರೆದೆ. ಮೇಜಿನ ಮೇಲೆ ಸ್ಕೇಲು ಬಡಿದ ಮೇಲೆ ತಿರುಗಿದಳು. ಮೇಜು ನಡುಗಿದ್ದಕ್ಕೆ ತಿರುಗಿದಳು.

ನನಗೆ ಗೊತ್ತಾಯಿತು. ಬಿ.ಇಡಿ.ಯಲ್ಲಿ ಒಂದು ಇಡೀ ಪತ್ರಿಕೆ ಇಂಥ ಮಕ್ಕಳ ಬಗ್ಗೆ ಓದಿದ್ದೇನೆ, ಎಪ್ಪತ್ತೆಂಟು ಅಂಕ ಬಂದಿತ್ತು.

ಹಾಳೆಯ ಹಿಂದೆ, ಕಣ್ಣಿನ ಸಾಲಿನ ಕೆಳಗೆ, ಇನ್ನೊಂದು ಸಾಲು ಇದೆ. ಕೇಳುವುದರಲ್ಲಿ ತೊಂದರೆ. ಪಕ್ಕದಲ್ಲಿ ಎರಡು ವೃತ್ತ, ಇದೆ, ಇಲ್ಲ. ಇದೆ ಎಂದು ತುಂಬಿದರೆ ಇನ್ನೊಂದು ನಾಲ್ಕು ಪುಟದ ಫಾರ್ಮು ತುಂಬಬೇಕು, ತಾಯಿಯನ್ನು ಕರೆಸಿ ಹೆಬ್ಬೆಟ್ಟು ಹಾಕಿಸಬೇಕು. ಗಡಿಯಾರದಲ್ಲಿ ಎರಡೂವರೆ. ಇನ್ನೂ ಮೂರು ಮಕ್ಕಳು ಬಾಕಿ. ಬೆಳಿಗ್ಗೆ ಏಳಕ್ಕೆ ಕೂಸಿಗೆ ಹಾಲು ಕುಡಿಸಿ ಬಂದವಳು ನಾನು. ಎದೆ ಕಲ್ಲಾಗಿತ್ತು, ನೋಯುತ್ತಿತ್ತು. ಮೂರೂಕಾಲರದು ತಪ್ಪಿದರೆ ಐದೂವರೆಯವರೆಗೆ ಬಸ್ಸಿಲ್ಲ.

ಇಲ್ಲ ಎಂಬ ವೃತ್ತ ತುಂಬಿದೆ. ಆಮೇಲೆ ಹಾಳೆ ತಿರುವಿ, ಎಲ್ಲ ಪ್ರಶ್ನೆಗೂ ಸರಿ ಉತ್ತರ ತುಂಬಿದೆ. ತಪ್ಪು ಉತ್ತರ ಇದ್ದರೆ ಯಾರಾದರೂ ಬಂದು ಕೇಳುತ್ತಾರೆ ಅನ್ನಿಸಿತು. ಎಲ್ಲ ಸರಿ ಇದ್ದರೆ ಯಾರೂ ಕೇಳುವುದಿಲ್ಲ.

ಶಾಲೆಯ ಸಲುವಾಗಿ ಅಲ್ಲ. ಬಸ್ಸಿನ ಸಲುವಾಗಿ.

ಜನವರಿ 12, ಸೋಮವಾರ

ಎರಡೂ ತಾಲೂಕಿನ ಸಮೀಕ್ಷಕರನ್ನು ತಿಕೋಟಾಕ್ಕೆ ಕರೆದಿದ್ದರು. ಪ್ರಮಾಣಪತ್ರ ಕೊಟ್ಟರು. ಅಧಿಕಾರಿಗಳು ರಾಜ್ಯದ ಹೊಸ ಸುತ್ತೋಲೆ ಓದಿದರು. ಹಾಳೆಗಳು ದಿಲ್ಲಿಗೆ ಹೋಗುವುದಿಲ್ಲ, ಶಾಲೆಗಳ ಪಟ್ಟಿ ಆಗುವುದಿಲ್ಲ, ಯಾವ ಶಿಕ್ಷಕರ ಮೇಲೂ ಕ್ರಮವಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಆಮೇಲೆ ಕೊನೆಯ ಪ್ಯಾರಾ ಓದಿದರು. ದಂಡಿಸಲು ಬೇಡವಾದ ಹಾಳೆಗಳು ಮಕ್ಕಳಿಗೆ ಸಹಾಯ ಮಾಡಲು ಬೇಕಾಗುತ್ತವೆಯಂತೆ. ಹಿಂಬದಿಯ ಸಾಲುಗಳಲ್ಲಿ ತೊಂದರೆ ಇದೆ ಎಂದು ಬಂದ ಮಕ್ಕಳನ್ನು ಮಾತ್ರ ಆರಿಸಿ, ಜನವರಿ 21ಕ್ಕೆ ಬಬಲೇಶ್ವರದಲ್ಲಿ ಶಿಬಿರ. ಹುಬ್ಬಳ್ಳಿಯಿಂದ ತಜ್ಞರು ಬರುತ್ತಾರೆ. ಅಲ್ಲಿಯೇ ಪರೀಕ್ಷೆ, ಅಲ್ಲಿಯೇ ಕಿವಿಯ ಮಷಿನ್ನಿಗೆ ಅಳತೆ, ಪುಕ್ಕಟೆ. ಮತ್ತೆ ಬರುವುದು ಮುಂದಿನ ವರ್ಷ.

ಊರೂರಿನ ಸಂಖ್ಯೆ ಓದಿದರು. ಮಮದಾಪುರ: ಕಣ್ಣು ಎರಡು, ಕಿವಿ ಸೊನ್ನೆ.

ಯಾರೋ ಎದ್ದು ನಿಂತು, ಪಟ್ಟಿಯಲ್ಲಿ ಬಿಟ್ಟು ಹೋದ ಮಕ್ಕಳಿದ್ದರೆ ಎಂದು ಕೇಳಿದರು. ನಾನಲ್ಲ. ನಾನಾಗಿರಬೇಕಿತ್ತು. ಸಮೀಕ್ಷೆಯ ಹಾಳೆ ತಪ್ಪಾಗಿದೆ ಎಂದು ಆ ಶಾಲೆಯ ಹೆಡ್ ಸಹಿ ಮಾಡಿ ಪತ್ರ ಕೊಟ್ಟರೆ ಶಿಬಿರದ ಬೆಳಿಗ್ಗೆ ಒಂಬತ್ತರವರೆಗೆ ಸೇರಿಸಿಕೊಳ್ಳುತ್ತೇವೆ ಎಂದರು. ತಪ್ಪು ಹಾಳೆ ಯಾರದೋ ಅವರನ್ನು ಅತಿಥಿ ಶಿಕ್ಷಕರ ಪಟ್ಟಿಯಿಂದ ತೆಗೆಯುತ್ತಾರೆ ಎಂದು ಪಕ್ಕದವಳು ನನ್ನ ಕಿವಿಯಲ್ಲಿ ಹೇಳಿದಳು.

ಜನವರಿ 13

ಅಕ್ಕೋರಿಗೆ ಫೋನ್ ಹಚ್ಚಿದೆ. ಎರಡು ಸಲ ರಿಂಗ್ ಆಯಿತು. ಕಟ್ ಮಾಡಿದೆ.

ಜನವರಿ 15, ಗುರುವಾರ

ಸಂಕ್ರಾಂತಿ. ಸಜ್ಜಿ ರೊಟ್ಟಿ ಬಡಿದೆ. ಅಕ್ಕೋರೇ ಫೋನ್ ಮಾಡಿ, ಎರಡು ದಿನದ ಹಿಂದೆ ನಿನ್ನ ಕಾಲ್ ಬಂದಿತ್ತಲ್ಲ ಎಂದು ಕೇಳಿದರು. "ಹಬ್ಬದ ಶುಭಾಶಯ ಹೇಳೋಣಂತ ಮಾಡಿದ್ದೆರಿ" ಅಂದೆ. ಹಬ್ಬಕ್ಕೆ ಎರಡು ದಿನ ಮೊದಲು. ಅವರು ನಂಬಿದರು. ನನ್ನ ಮಾತನ್ನು ಅವರು ಯಾವಾಗಲೂ ನಂಬುತ್ತಾರೆ.

ಜನವರಿ 18, ಭಾನುವಾರ

ಗಂಡನಿಗೆ ಹೇಳಿದೆ. ಅವರು, ಕೆಲಸ ಹೋದರೆ ಅಂಗಡಿಯಲ್ಲಿ ಕುಳಿತರಾಯಿತು, ಆದರೆ ಅಕ್ಕೋರಿಗೆ ಏನಾಗುತ್ತದೆ ನೋಡು ಎಂದರು. ನಿವೃತ್ತಿಯ ಅಂಚಿನಲ್ಲಿರುವವರು ಅಂಥ ಪತ್ರಕ್ಕೆ ಸಹಿ ಹಾಕುತ್ತಾರೆಯೇ ಎಂದೂ ಕೇಳಿದರು. ಅದು ಒಳ್ಳೆಯ ನೆಪವಾಗಿ ಕಂಡಿತು ನನಗೆ, ತಕ್ಷಣ ಹಿಡಿದುಕೊಂಡೆ. ಇಡೀ ದಿನ ಅದರಲ್ಲಿ ಕಳೆಯಿತು.

ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು. ಮಲಗುವ ಮುಂಚೆ ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ, "ತಾಟು ಯಾಕ ಬಡೀತಿದ್ದಿ ಅಂತ ಈಗ ತಿಳೀತು" ಅಂದರು. ಅವರು ಏನು ತಿಳಿದುಕೊಂಡರೋ. ಅದು ಕೂಸಿನ ಸಲುವಾಗಿಯೇ ಅಲ್ಲವೇ.

ಜನವರಿ 20, ಮಂಗಳವಾರ, ರಾತ್ರಿ ಹನ್ನೊಂದು

ಜಾನಕೀಬಾಯಿ ಅಕ್ಕೋರಿಗೆ,

ಸಂಜೆ ಆರರಿಂದ ನಿಮಗೆ ಹನ್ನೊಂದು ಸಲ ಫೋನ್ ಮಾಡಿದೆ. ಮೊದಲ ಐದು ಸಲ ನೀವು ಎತ್ತಲಿಲ್ಲ, ಆಮೇಲೆ ಸ್ವಿಚ್ ಆಫ್ ಬಂತು. ಊಟವಾದ ಮೇಲೆ ಫೋನ್ ಬಂದ್ ಮಾಡಿ ಮಲಗುವುದು, ನಾಲ್ಕಕ್ಕೆ ಎದ್ದು ಚಾಲೂ ಮಾಡುವುದು ನಿಮ್ಮ ರೂಢಿ ಎಂದು ನೀವೇ ಒಮ್ಮೆ ಹೇಳಿದ್ದಿರಿ. ಅದಕ್ಕೇ ಈ ನೋಟ್‌ಬುಕ್ಕಿನ ಪುಟಗಳ ಫೋಟೊ ತೆಗೆದು ಕಳಿಸುತ್ತಿದ್ದೇನೆ, ಈ ಪುಟವೂ ಸೇರಿ. ಇದನ್ನು ನನಗೇ ಎಂದು ಬರೆದುಕೊಂಡಿದ್ದೆ. ಕೆಲವು ಸಾಲು ಹೊಡೆದು ಹಾಕಬೇಕು ಅನ್ನಿಸಿತು, ಹಾಕಿಲ್ಲ. ಜನವರಿ 1ರ ಪುಟವನ್ನು ಮೊದಲು ಓದಿರಿ. ಅಲ್ಲಿ ಎಲ್ಲ ಇದೆ.

ತಸ್ಲೀಮ ಸೊಕ್ಕಿನವಳಲ್ಲ. ಅವಳಿಗೆ ಕೇಳಿಸುವುದಿಲ್ಲ. ಅವಳು ಒಂದೂ ಉತ್ತರ ಹೇಳಲಿಲ್ಲ, ಎಲ್ಲ ನಾನೇ ತುಂಬಿದೆ. ನೀವು ಅವಳನ್ನು ಹೊರಗೆ ನಿಲ್ಲಿಸಿದ ಒಂದೊಂದು ದಿನವೂ ನನ್ನದು, ಅವಳ ತಾಯಿ ಕೊಟ್ಟ ಒಂದೊಂದು ಏಟೂ ನನ್ನದು.

ಒಂದು ಮಾತು ಜನವರಿ 1ರ ಪುಟದಲ್ಲೂ ಬರೆದಿಲ್ಲ. ಹಾಳೆ ತುಂಬಿ ಮುಗಿಸಿದಾಗ ನನ್ನ ರವಿಕೆ ಎಡಗಡೆ ಹಾಲಿನಿಂದ ತೊಯ್ದಿತ್ತು. ನನಗೆ ಗೊತ್ತಿರಲಿಲ್ಲ. ಕಿಟಕಿಯ ಹೊರಗೆ ಗಂಡುಹುಡುಗರು ನಿಂತಿದ್ದರು. ತಸ್ಲೀಮ ಎದ್ದು ಬಂದು ನನ್ನ ಸೆರಗನ್ನು ಎಳೆದು ಎದೆಯ ಮೇಲೆ ಸರಿಯಾಗಿ ಹೊದಿಸಿದಳು. ಆಮೇಲೆ ತನ್ನ ಜಾಗಕ್ಕೆ ಹೋಗಿ ಕುಳಿತಳು. ಅಷ್ಟಾದ ಮೇಲೂ ನಾನು ಆ ವೃತ್ತವನ್ನು ಬದಲಿಸಲಿಲ್ಲ. ಹಾಳೆ ಇನ್ನೂ ನನ್ನ ಕೈಯಲ್ಲೇ ಇತ್ತು. ಲಕೋಟೆಗೆ ಹಾಕಿದೆ.

ನಾಳೆ ಒಂಬತ್ತಕ್ಕೆ ಬಬಲೇಶ್ವರದಲ್ಲಿ ಪಟ್ಟಿ ಮುಚ್ಚುತ್ತದೆ. ಹಾಳೆ ತಪ್ಪಾಗಿದೆ ಎಂದು ನಿಮ್ಮ ಸಹಿ ಇಲ್ಲದೆ ಅವಳನ್ನು ಸೇರಿಸಿಕೊಳ್ಳುವುದಿಲ್ಲ. ತಪ್ಪು ನನ್ನದು, ಜಾನಕೀಬಾಯಿಯವರಿಗೆ ತಿಳಿದಿರಲಿಲ್ಲ ಎಂದು ಪ್ರತ್ಯೇಕ ಹಾಳೆಯಲ್ಲಿ ಬರೆದು ಸಹಿ ಮಾಡಿದ್ದೇನೆ, ಅದರ ಫೋಟೊ ಕೊನೆಗೆ ಇದೆ. ನನ್ನ ಹೆಸರನ್ನು ಎಲ್ಲಿಂದ ತೆಗೆದರೂ ತೆಗೆಯಲಿ. ಮಮದಾಪುರಕ್ಕೆ ಬೇರೆಯವರ ಹೆಸರು ಹೇಳಿರಿ.

ಮಾಬುಬಿ ಹೊತ್ತು ಮೂಡುವ ಮೊದಲೇ ಆಡು ಹೊಡೆದುಕೊಂಡು ಕೆರೆಯ ಆಚೆ ಹೋಗುತ್ತಾಳಂತೆ, ಈಗ ಮಗಳನ್ನೂ ಕರೆದೊಯ್ಯುತ್ತಿರಬಹುದು. ಒಮ್ಮೆ ಹೋದರೆ ಮಧ್ಯಾಹ್ನದವರೆಗೆ ಸಿಗುವುದಿಲ್ಲ. ಅವಳ ಮನೆ ನನಗೆ ಗೊತ್ತಿಲ್ಲ, ಅವಳ ನಂಬರೂ ಇಲ್ಲ. ನಿಮ್ಮ ಮನೆಯಿಂದ ಎರಡು ಓಣಿ ಎಂದು ನೀವು ಹೇಳಿದ ನೆನಪು. ಅವರು ಹೊರಡುವ ಮೊದಲು ನೀವು ಹೋಗಿ ತಡೆಯಬೇಕು. ಮೊದಲ ಬಸ್ಸಿಗೆ ನಾನೂ ಬರುತ್ತೇನೆ. ಆದರೆ ಅದು ಮಮದಾಪುರ ಮುಟ್ಟುವಷ್ಟರಲ್ಲಿ ಏಳು ಹೊಡೆದಿರುತ್ತದೆ, ಆಡುಗಳು ದಾಟಿರುತ್ತವೆ.

ಕೂಸು ಮಲಗಿದೆ. ಅತ್ತೆ ಬಸ್ಸಿನ ಬುತ್ತಿ ಕಟ್ಟಿ ಇಟ್ಟಿದ್ದಾರೆ. ಫೋನನ್ನು ಚಾರ್ಜಿಗೆ ಹಾಕಿ, ದನಿ ಪೂರ್ತಿ ಏರಿಸಿ, ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದೇನೆ. ಬೈಯಲಿಕ್ಕಾದರೂ ಮಾಡಿರಿ, ಬೈದಾದ ಮೇಲೆ ಮಾಬುಬಿಯ ಮನೆಗೆ ಹೋಗಿರಿ. ನಾಲ್ಕಕ್ಕೆ ಎದ್ದ ಕೂಡಲೇ, ಮುಖ ತೊಳೆಯುವ ಮೊದಲೇ, ಬೆಳಗಾಗೂದರೊಳಗ ಒಂದು ಫೋನ್ ಮಾಡ್ರಿ ಅಕ್ಕೋರ.